ಹಿಂಪಡೆದ ಪ್ರಬಂಧ, ಉಳಿದ ಪ್ರಶ್ನೆ
ಆತ್ಮೀಯ ಓದುಗರೇ,

ಚೆರ್ನೋಬಿಲ್‌ನ ಇಲಿಗಳಲ್ಲಿ ಭಾರೀ ಉತ್ಪರಿವರ್ತನೆ (ಜೀನುಗಳಲ್ಲಿ ಬದಲಾವಣೆ) ಆಗಿದೆ ಎಂದ 1996ರ ಪ್ರಬಂಧವನ್ನು ಮರುವರ್ಷವೇ ಹಿಂಪಡೆದರಲ್ಲ, ಹಾಗಾದರೆ ಅವಕ್ಕೆ ಏನೂ ಆಗಿಲ್ಲವೇ ಎಂದು ಕೇಳಿದ್ದೀರಿ. ಹಾಗೆನ್ನಲು ಬರುವುದಿಲ್ಲ.

'ನೇಚರ್' ಪತ್ರಿಕೆಯ ಆ ಪ್ರಬಂಧ ವೋಲ್ ಎಂಬ ಮೋಟುಬಾಲದ ಇಲಿಗಳಲ್ಲಿ ತಾಯಿಯ ಮತ್ತು ಭ್ರೂಣದ ಸೈಟೋಕ್ರೋಮ್-ಬಿ ಎಂಬ ಜೀನನ್ನು ಹೋಲಿಸಿತ್ತು. ಅದೇ ಮಾದರಿಗಳನ್ನು ಸ್ವಯಂಚಾಲಿತ ಯಂತ್ರದಲ್ಲಿ ಮತ್ತೆ ಓದಿಸಿದಾಗ ಆ ವ್ಯತ್ಯಾಸಗಳು ನಿಲ್ಲಲಿಲ್ಲ. ಪ್ರಬಂಧ ಬರೆದ ರಾಬರ್ಟ್ ಬೇಕರ್ ಮತ್ತು ಸಂಗಡಿಗರು ತಾವಾಗಿಯೇ ಅದನ್ನು ಹಿಂಪಡೆದರು, ಮೆಚ್ಚಬೇಕಾದ ನಡೆ. ಬಿದ್ದುಹೋದದ್ದು ಆ ಅಳತೆ ಮಾತ್ರ. 2017ರಲ್ಲಿ ಬೇಕರ್ ತಂಡವೇ, ಸುಮಾರು 50 ತಲೆಮಾರು ವಿಕಿರಣದಲ್ಲೇ ಬಾಳಿದ ಬ್ಯಾಂಕ್ ವೋಲ್ ಎಂಬ ಜಾತಿಯ ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಜೀನೋಮ್‌ನಲ್ಲಿ ಹೆಚ್ಚಿನ ವೈವಿಧ್ಯ ಕಂಡಿತು. ಆದರೆ ಹೊರಗಿನಿಂದ ಬಂದು ಸೇರುವ ಇಲಿಗಳೂ ವೈವಿಧ್ಯವನ್ನು ಹೆಚ್ಚಿಸುತ್ತವೆ. ಆದ್ದರಿಂದ ವಿಕಿರಣ ಸೋಂಕದ ಒಂದೇ ಜಾಗದ ಜೊತೆ ಹೋಲಿಸಿದರೆ ಸಾಲದು, ಅಂಥ ಹಲವು ಜಾಗಗಳು ಬೇಕು.

ಮೈಯ ಕೋಶಗಳಿಗೆ ಆಗುವ ಹಾನಿ ಬೇರೆ, ಮರಿಗಳಿಗೆ ದಾಟುವ ಬದಲಾವಣೆ ಬೇರೆ. ಮೊದಲನೆಯದನ್ನು ಹಿಡಿಯಲು ಒಂದು ಹನಿ ರಕ್ತ ಅಥವಾ ತುಸು ಅಸ್ಥಿಮಜ್ಜೆ ಸಾಕು. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರದಬ್ಬುತ್ತದೆ. ವರ್ಣತಂತು ಮುರಿದಿದ್ದರೆ ಆ ಚೂರು ಒಳಗೇ ಉಳಿಯುತ್ತದೆ. ಇದೇ ಮೈಕ್ರೋನ್ಯೂಕ್ಲಿಯಸ್. ಅಕ್ರಿಡಿನ್ ಆರೆಂಜ್ ಬಣ್ಣ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಕಣ ಕಿತ್ತಳೆಗೆಂಪಾಗಿ, ಅದರೊಳಗಿನ ಚೂರು ಹಳದಿ-ಹಸಿರು ಚುಕ್ಕೆಯಾಗಿ ಹೊಳೆಯುತ್ತದೆ. ಗೀಮ್ಸಾ ಎಂಬ ಇನ್ನೊಂದು ಬಣ್ಣದಲ್ಲಿ ಎಡವುವುದು ಸುಲಭ: ಬಣ್ಣದ ಕಸವೂ ಇಂಥದೇ ಚುಕ್ಕೆಯಂತೆ ಕಾಣುತ್ತದೆ. ಸಾವಿರ ಕಣಗಳಲ್ಲಿ ಇಂಥವು ಸಿಗುವುದು ಬೆರಳೆಣಿಕೆಯಷ್ಟು. ಪ್ರಯೋಗಾಲಯದ ಇಲಿಗಳಿಗಾಗಿ ಇರುವ ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಮಾರ್ಗಸೂಚಿ ಪ್ರತಿ ಪ್ರಾಣಿಗೆ ಕನಿಷ್ಠ 4000 ಎಳೆಯ ಕಣಗಳನ್ನು ಎಣಿಸಲು ಹೇಳುತ್ತದೆ. ಯಾವ ಗಾಜುಪಟ್ಟಿ ಎಲ್ಲಿಯದೆಂದು ಎಣಿಸುವವರಿಗೆ ತಿಳಿದಿರಬಾರದು.

ಹೊತ್ತೂ ಮುಖ್ಯ. ಎಳೆಯ ಕಣ ತೋರಿಸುವುದು ಹಿಂದಿನ ಎರಡು-ಮೂರು ದಿನಗಳ ಹಾನಿಯನ್ನಷ್ಟೇ. ಒಂದೊಂದು ಕೋಶದ ಡಿಎನ್‌ಎ ಎಷ್ಟು ಮುರಿದಿದೆ ಎಂದು ನೋಡುವ ಕಾಮೆಟ್ ಪರೀಕ್ಷೆಯಲ್ಲಿ ಕಾಣುವ ಬಿರುಕುಗಳಂತೂ ಬಹುಪಾಲು ಕೆಲವೇ ಗಂಟೆಗಳಲ್ಲಿ ದುರಸ್ತಿಯಾಗುತ್ತವೆ. ಹಿಡಿದ ಇಲಿಯನ್ನು ದೂರದ ಪ್ರಯೋಗಾಲಯದಲ್ಲಿ ವಾರವಿಟ್ಟು ಪರೀಕ್ಷಿಸಿ 'ಹಾನಿಯಿಲ್ಲ' ಎಂದರೆ ಆ ಮಾತಿಗೆ ಬೆಲೆಯಿಲ್ಲ.

ಇನ್ನು ವಿಕಿರಣದ ಪ್ರಮಾಣ. ಮನುಷ್ಯನ ಸೊಂಟದೆತ್ತರದಲ್ಲಿ ಹಿಡಿದ ಮೀಟರ್, ತರಗೆಲೆಯಡಿ ಬಿಲದಲ್ಲಿ ಮಲಗುವ ವೋಲ್‌ನ ಕಥೆ ಹೇಳುವುದಿಲ್ಲ. ತಿಂದದ್ದರ ಮೂಲಕ ಮೈಸೇರುವ ವಿಕಿರಣಶೀಲ ಸೀಸಿಯಂ-137 ಸ್ನಾಯುವಿನಲ್ಲಿ ಹರಡಿರುತ್ತದೆ. ಸ್ಟ್ರಾನ್ಷಿಯಂ-90 ಮೂಳೆ ಸೇರಿ, ರಕ್ತ ಹುಟ್ಟುವ ಮಜ್ಜೆಯನ್ನೇ ಪಕ್ಕದಿಂದ ಸುಡುತ್ತದೆ. ಹಾಗಾಗಿ ಇಲಿಯ ಕೊರಳಿಗೆ ಪುಟ್ಟ ಡೋಸಿಮೀಟರ್ (ವಿಕಿರಣ ಅಳೆಯುವ ಸಾಧನ) ಕಟ್ಟಿ ಬಿಟ್ಟು, ಮತ್ತೆ ಹಿಡಿದು, ಆ ಅಳತೆಗೆ ಇಲಿಯ ಮೈಯೊಳಗಿನ ಸೀಸಿಯಂ, ಸ್ಟ್ರಾನ್ಷಿಯಂ ಎರಡನ್ನೂ ಅಳೆದು ಕೂಡಿಸಬೇಕು.

— ಸಂಪಾದಕ