ಪೆಟ್ರೋಲ್‌ನಿಂದ ಸೀಸ ಹೋಯಿತು, ದೂಳಿನಿಂದ ಹೋಗಿಲ್ಲ

ಮನೆ ಮುಖ್ಯರಸ್ತೆಗೆ ಅಂಟಿಕೊಂಡಿದೆ, ಮಗನಿಗೆ ಎರಡು ವರ್ಷ. ಈಗ ಪೆಟ್ರೋಲ್‌ನಲ್ಲಿ ಸೀಸವೇ ಇಲ್ಲ ಅಲ್ವಾ, ಇನ್ನೂ ಹೆದರಬೇಕಾ?

ಇದನ್ನು ಕೇಳುವ ಹೆಚ್ಚಿನವರಿಗೆ ಬೇಕಾಗಿರುವುದು ‘ಏನೂ ಆಗಲ್ಲ, ಆರಾಮಾಗಿರಿ’ ಅನ್ನುವ ಮಾತು. ಅದನ್ನು ನಾನು ಹೇಳಲಾರೆ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ಅದು ನಿಂತದ್ದು 2021ರಲ್ಲಿ. ಇದರಿಂದ ಗಾಳಿಯಲ್ಲೂ ಜನರ ರಕ್ತದಲ್ಲೂ ಸೀಸ ತುಂಬಾ ಇಳಿಯಿತು, ಒಪ್ಪುತ್ತೇನೆ. ಆದರೆ 1920ರ ದಶಕದಿಂದ ಹೊಗೆಕೊಳವೆಗಳು ಉಗುಳಿದ್ದೆಲ್ಲ ಎಲ್ಲಿಗೆ ಹೋಯಿತು? ಸೀಸ ಕೊಳೆಯುವುದಿಲ್ಲ. ಮಳೆ ಸುರಿದರೂ ಸುಲಭಕ್ಕೆ ಕೆಳಗಿಳಿಯದೆ ರಸ್ತೆ ಬದಿಯ ಮೇಲ್ಮಣ್ಣಿನಲ್ಲೇ ಕೂತಿದೆ, ಮಣ್ಣು ಒಣಗಿದಾಗ ಲಾರಿಯೊಂದು ಜೋರಾಗಿ ಹೋದರೆ ದೂಳಿನ ಜೊತೆ ಮತ್ತೆ ಏಳುತ್ತದೆ. ಇನ್ನೊಂದಿದೆ. ಚಕ್ರ ಬ್ಯಾಲೆನ್ಸ್ ಮಾಡಲು ರಿಮ್ಮಿನ ಅಂಚಿಗೆ ಸಿಕ್ಕಿಸುವ ಬೂದು ಬಣ್ಣದ ಸಣ್ಣ ತುಂಡು ನೋಡಿದ್ದೀರಲ್ಲ? ಹಲವು ಕಡೆ ಅದು ಇವತ್ತಿಗೂ ಸೀಸದ್ದೇ. ಗುಂಡಿಗೆ ಚಕ್ರ ಬಿದ್ದಾಗ ಕಳಚಿಕೊಳ್ಳುತ್ತದೆ, ಹಿಂದೆ ಬರುವ ಟೈರುಗಳು ಅದನ್ನು ಅರೆದು ಪುಡಿ ಮಾಡುತ್ತವೆ.

ನಿಮ್ಮ ಮಗ ಇದನ್ನು ಉಸಿರಾಡುವುದಕ್ಕಿಂತ ತಿನ್ನುವುದೇ ಜಾಸ್ತಿ. ರಸ್ತೆ ಕಡೆಯ ಕಿಟಕಿಯ ಹಳಿಯಲ್ಲಿ ಒಮ್ಮೆ ಬೆರಳಾಡಿಸಿ, ಕಪ್ಪಗೆ ಅಂಟುತ್ತದೆ. ಅವನ ಬೆರಳಾದರೆ ಅದು ಸೀದಾ ಬಾಯಿಗೆ ಹೋಗುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರುವುದು ಸುಮಾರು ಹತ್ತರಲ್ಲೊಂದು ಪಾಲು, ಚಿಕ್ಕ ಮಕ್ಕಳದ್ದು ಅರ್ಧದವರೆಗೂ ಹೀರಬಹುದು. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಒಣ ಪೊರಕೆ ಬಿಡಿ, ಕಿಟಕಿಯನ್ನೂ ನೆಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಚಪ್ಪಲಿ ಹೊರಗಿರಲಿ. ಕೈ ತೊಳೆಸಿ ಅಂತ ಬೇರೆ ಹೇಳಬೇಕಾ?

ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನಾನಾದರೆ ಕಾಯುವುದಿಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 4 ಬಂತು ಅಂತ ಸಿಹಿ ಹಂಚಬೇಡಿ, ಸುರಕ್ಷಿತ ಮಟ್ಟ ಅಂತ ಒಂದು ಇದುವರೆಗೆ ಸಿಕ್ಕಿಲ್ಲ. ಹಾಗೆಯೇ ಎಲ್ಲದಕ್ಕೂ ರಸ್ತೆಯನ್ನೇ ಬೈಯಬೇಡಿ. ಹಳೇ ಬಣ್ಣದಲ್ಲೂ ಸೀಸ ಇರಬಹುದು, ಮನೆಯಲ್ಲಿ ಅದು ಸಿಪ್ಪೆ ಎದ್ದಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆ.

ಸೀಸ ಹೊರಹಾಕುವ ಡಿಟಾಕ್ಸ್ ಡ್ರಿಪ್ ಹಾಕಿಸಬಹುದಾ?

ಬೇಡ. ಸೀಸ ಎಳೆದು ತೆಗೆಯುವ ಔಷಧಿ ನಿಜಕ್ಕೂ ಇದೆ, ಮಕ್ಕಳಿಗೆ ಸಾಮಾನ್ಯವಾಗಿ ರಕ್ತದ ಸೀಸ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ದಾಟಿದಾಗ ಆಸ್ಪತ್ರೆಯ ನಿಗಾದಲ್ಲಿ ಕೊಡುತ್ತಾರೆ. ತಪ್ಪು ಔಷಧಿ ಕೊಟ್ಟು, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಮಕ್ಕಳು ಸತ್ತದ್ದೂ ಇದೆ. ಸುಮ್ನೆ ಅಂಗಡಿ ತೆರೆದು ಇಂಥ ಡ್ರಿಪ್ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ‘ಸಹಜ’ ಅಂತ ಬರೆದ ಪುಡಿಗಳದ್ದೂ ಅದೇ ಕಥೆ, ಕೆಲವದರಲ್ಲಿ ಸೀಸವೇ ಸಿಕ್ಕಿದೆ.

ಕೂದಲು ಕಳಿಸಿ ಪರೀಕ್ಷೆ ಮಾಡಿಸಿದೆ, ವರದಿ ನೋಡ್ತೀರಾ?

ನೋಡಲ್ಲ. ರಕ್ತದ ವರದಿ ಕಳಿಸಿ.

ಮನೆಯೊಳಗೆ ಗಿಡ ಇಟ್ಟರೆ ಸೀಸ ಹೀರುತ್ತದಾ?

ಎಲೆ ಮೇಲೆ ದೂಳು ಕೂರುತ್ತದೆ, ಅಷ್ಟೇ. ಅದನ್ನೂ ಒರೆಸಿ.