ಹೊರದೇಶದವರ ಸಹಾಯ ಕೇಳೋದು ಅಪರಾಧನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಅಮೆರಿಕದ ಎಲೆಕ್ಷನ್ ಸುದ್ದಿ ಓದುವಾಗೆಲ್ಲ ತಲೆಗೆ ಬರೋದು ಇದೇ. ಎದುರಾಳಿ ಬಗ್ಗೆ ಏನಾದ್ರೂ ಕೊಡಿ ಅಂತ ಒಂದು ಪ್ರಚಾರ ತಂಡ ಬೇರೆ ದೇಶದವರನ್ನ ಕೇಳಿದ್ರೆ ಅದು ಕ್ರೈಮಾ? ಕ್ರೈಮ್ ಆಗಿದ್ರೆ 2016ರ ಟ್ರಂಪ್ ಟವರ್ ಮೀಟಿಂಗಲ್ಲಿ ಕೂತಿದ್ದವರ ಮೇಲೆ ಅದಕ್ಕಾಗಿ ಕೇಸ್ ಯಾಕೆ ಬೀಳ್ಲಿಲ್ಲ? ಅಲ್ಲ ಅಂದ್ರೆ ಅಷ್ಟು ವರ್ಷ ಗಲಾಟೆ ಯಾಕೆ ನಡೀತು?

ಉತ್ತರ: ಟಿವಿ ಚರ್ಚೆಗಳಲ್ಲಿ ಕೊಲ್ಯೂಷನ್ (ಅಂದ್ರೆ ಗುಟ್ಟಾಗಿ ಕೈಜೋಡಿಸೋದು), ದೇಶದ್ರೋಹ ಅಂತ ಕೂಗಾಡ್ತಾರಲ್ಲ, ಆ ಎರಡು ಮಾತನ್ನ ಮೊದ್ಲು ಪಕ್ಕಕ್ಕಿಡಿ. ಕೊಲ್ಯೂಷನ್ ಅನ್ನೋ ಹೆಸರಲ್ಲಿ ಅಲ್ಲಿನ ಎಲೆಕ್ಷನ್ ಕಾನೂನಲ್ಲಿ ಯಾವ ಅಪರಾಧನೂ ಇಲ್ಲ, ಇನ್ನು ದೇಶದ್ರೋಹಕ್ಕೆ ಅಮೆರಿಕದ ಸಂವಿಧಾನನೇ ತುಂಬ ಕಿರಿದಾದ ಅರ್ಥ ಕೊಟ್ಟಿದೆ, ದೇಶದ ಮೇಲೆ ಯುದ್ಧ ಮಾಡಿರಬೇಕು ಇಲ್ಲಾ ಶತ್ರುಗಳ ಜೊತೆ ಸೇರ್ಕೊಂಡು ಅವರಿಗೆ ನೆರವಾಗಿರಬೇಕು. ಇಲ್ಲಿ ಅನ್ವಯ ಆಗೋದು ನೋಡೋಕೆ ಸಪ್ಪೆ ಅನ್ಸೋ ಒಂದು ಕಾನೂನು, ಎಲೆಕ್ಷನ್ ದೇಣಿಗೆ ಕಾನೂನು. ಅದರ ಪ್ರಕಾರ ವಿದೇಶಿಯರು ಅಮೆರಿಕದ ಯಾವ ಎಲೆಕ್ಷನ್‌ಗೂ ದುಡ್ಡನ್ನಾಗಲಿ "ಬೆಲೆಬಾಳುವ ಬೇರೆ ವಸ್ತು"ವನ್ನಾಗಲಿ ಕೊಡೋ ಹಾಗಿಲ್ಲ, ಅಮೆರಿಕದವರು ಅದನ್ನ ತಗೊಳ್ಳೋ ಹಾಗೂ ಇಲ್ಲ, ಮತ್ತೆ ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು, ಕೇಳೋ ಹಾಗೂ ಇಲ್ಲ. ಕೈಗೆ ಏನೂ ಸಿಗದಿದ್ರೂ ಕೇಳಿದ್ದೇ ತಪ್ಪು. ಈ ನಿಷೇಧದ ಬೇರು 1966ರಲ್ಲಿದೆ, 2002ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು, 2012ರಲ್ಲಿ ಸುಪ್ರೀಂ ಕೋರ್ಟು ಕೂಡ ನಿಷೇಧವನ್ನ ಎತ್ತಿ ಹಿಡೀತು.

ಹಾಗಾದ್ರೆ ಜೈಲು ಯಾಕಿಲ್ಲ? ಟ್ರಂಪ್ ಟವರ್ ಕಥೆ ಹೀಗೆ. 2016ರ ಜೂನ್ 3ಕ್ಕೆ ಟ್ರಂಪ್ ಮಗನಿಗೆ ಒಂದು ಇಮೇಲ್ ಬರುತ್ತೆ, ಹಿಲರಿ ಕ್ಲಿಂಟನ್‌ರನ್ನ ಸಿಕ್ಕಿಸೋ ದಾಖಲೆಗಳಿವೆ, ರಷ್ಯಾ ಸರ್ಕಾರ ನಿಮ್ಮ ತಂದೆಗೆ ಕೊಡ್ತಿರೋ ಬೆಂಬಲದ ಭಾಗ ಇದು ಅಂತ ಅದರಲ್ಲಿ ನೇರವಾಗೇ ಬರೆದಿರುತ್ತೆ. ಮಗ ಖುಷಿಯಿಂದ ಉತ್ತರ ಕೊಡ್ತಾನೆ, ನೀನು ಹೇಳಿದ್ದೇ ಆಗಿದ್ರೆ ನಂಗೆ ತುಂಬಾ ಇಷ್ಟ ಅಂತ. ಜೂನ್ 9ಕ್ಕೆ ಮಗ, ಅಳಿಯ ಕುಶ್ನರ್, ಪ್ರಚಾರದ ಉಸ್ತುವಾರಿಯಲ್ಲಿದ್ದ ಮ್ಯಾನಫೋರ್ಟ್ ಮೂರೂ ಜನ ಒಬ್ಬ ರಷ್ಯನ್ ವಕೀಲೆ ಜೊತೆ ಕೂರ್ತಾರೆ, ಆದ್ರೆ ಆಕೆ ಹೆಚ್ಚು ಮಾತಾಡಿದ್ದು ರಷ್ಯಾ ಮೇಲಿನ ನಿರ್ಬಂಧದ ಕಾನೂನಿನ ಬಗ್ಗೆ.

2016ರ ಎಲೆಕ್ಷನ್‌ನಲ್ಲಿ ರಷ್ಯಾ ಕೈವಾಡದ ಬಗ್ಗೆ ತನಿಖೆ ಮಾಡಿದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ 2019ರ ವರದಿಲಿ ಇದನ್ನ ಸುಮ್ನೆ ತಳ್ಳಿಹಾಕಲಿಲ್ಲ. ಎದುರಾಳಿ ಬಗ್ಗೆ ಕಲೆಹಾಕಿದ ಮಾಹಿತಿ "ಬೆಲೆಬಾಳುವ ವಸ್ತು" ಆಗೋ ಸಾಧ್ಯತೆ ಇದೆ ಅಂತ ಒಪ್ಕೊಂಡ್ರು, ಆದ್ರೆ ಕ್ರಿಮಿನಲ್ ಕೇಸ್ ನಿಲ್ಲಬೇಕು ಅಂದ್ರೆ ಎರಡು ಗೋಡೆ ದಾಟಬೇಕಿತ್ತು. ಒಂದು, ಇದು ಕಾನೂನುಬಾಹಿರ ಅಂತ ಗೊತ್ತಿದ್ದೂ ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಬೇಕು. ಇನ್ನೊಂದು, ಆ ಮಾಹಿತಿಯ ಬೆಲೆ ಕನಿಷ್ಠ 2,000 ಡಾಲರ್ ಇದೆ ಅಂತ ತೋರಿಸ್ಬೇಕು, ದೊಡ್ಡ ಅಪರಾಧ ಅನ್ನಿಸ್ಕೊಳ್ಳೋಕೆ 25,000 ಡಾಲರ್. ಕೈಗೇ ಬರದ ಮಾಹಿತಿಗೆ ಬೆಲೆ ಕಟ್ಟೋದು ಹೇಗೆ? ಹಾಗಾಗಿ ಮುಲ್ಲರ್ ಕೇಸ್ ಹಾಕ್ಲಿಲ್ಲ. ಇದರಲ್ಲಿ ನಂಗೆ ತೀರಾ ಬೇಜಾರಾಗೋದು ಮೊದಲನೇ ಗೋಡೆ, ಯಾಕಂದ್ರೆ ನಿಯಮ ಓದ್ಕೊಂಡು ಎಚ್ಚರಿಕೆಯಿಂದ ಇರೋನಿಗೆ ಭಯ, ಏನೂ ಓದದೆ ನುಗ್ಗಿದವನಿಗೆ ರಕ್ಷಣೆ ಅಂತಾಯ್ತಲ್ಲ. ಅಮೆರಿಕದ ಪ್ರಚಾರ ತಂಡಗಳು ಎದುರಾಳಿ ಬಗ್ಗೆ ಮಾಹಿತಿ ಹುಡುಕಿಸೋಕೆ ಪ್ರತಿ ಸಲ ದುಡ್ಡು ಸುರೀತಾವೆ, ಹಾಗಿರುವಾಗ ಅದಕ್ಕೆ ಬೆಲೆ ಇಲ್ಲ ಅನ್ನೋ ವಾದನ ನಾನಂತೂ ಒಪ್ಪಲ್ಲ.

2019ರ ಜುಲೈ 25ರ ಫೋನ್ ಕಾಲ್‌ನಲ್ಲೂ ಇದೇ ಆಯ್ತು. ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿಗೆ ಟ್ರಂಪ್, 2020ರ ಎಲೆಕ್ಷನ್‌ಗೆ ತನ್ನ ಎದುರಾಳಿ ಆಗಬಹುದಾಗಿದ್ದ ಬೈಡನ್ ಬಗ್ಗೆ ವಿಚಾರಣೆ ಮಾಡಿಸಿ ಅಂದ್ರು, ಆ ಹೊತ್ತಿಗೆ ಉಕ್ರೇನ್‌ಗೆ ಹೋಗಬೇಕಿದ್ದ ಸುಮಾರು 39 ಕೋಟಿ ಡಾಲರ್ ಸೇನಾ ನೆರವು ತಡೆಹಿಡಿದಿತ್ತು. ವಿಚಾರಣೆ ಅನ್ನೋದಕ್ಕೆ ಡಾಲರ್ ಲೆಕ್ಕದಲ್ಲಿ ಬೆಲೆ ಕಟ್ಟೋಕಾಗಲ್ಲ ಅಂತ ನ್ಯಾಯ ಇಲಾಖೆ ದೇಣಿಗೆ ಕಾನೂನಿನ ಫೈಲ್ ಮುಚ್ಚಿಬಿಡ್ತು. ಆದ್ರೆ ಅಮೆರಿಕದ ಸಂಸತ್ತಿನ ಕೆಳಮನೆ ಸುಮ್ನಿರ್ಲಿಲ್ಲ, ಡಿಸೆಂಬರ್ 18ಕ್ಕೆ ಅಧಿಕಾರ ದುರುಪಯೋಗ ಅಂತ ಮಹಾಭಿಯೋಗ ಹಾಕ್ತು, 2020ರ ಫೆಬ್ರವರಿ 5ಕ್ಕೆ ಮೇಲ್ಮನೆಯಾದ ಸೆನೆಟ್ ಟ್ರಂಪ್‌ರನ್ನ ಬಿಟ್ಟು ಕಳಿಸ್ತು. ಮಹಾಭಿಯೋಗಕ್ಕೆ ಕ್ರಿಮಿನಲ್ ಕಾನೂನಿನ ಸೆಕ್ಷನ್ ಬೇಕೇಬೇಕು ಅಂತಿಲ್ಲ, ಅದು ಬೇರೆ ತಕ್ಕಡಿ. ಈ ವ್ಯತ್ಯಾಸ ಗೊತ್ತಿಲ್ದೆ ಎಷ್ಟೋ ಜನ "ಕೇಸೇ ಇಲ್ಲ, ಅಂದ್ಮೇಲೆ ತಪ್ಪೇ ಇಲ್ಲ" ಅಂತ ವಾದಕ್ಕಿಳೀತಾರೆ. ಕೇಸ್ ಹಾಕೋಕೆ ಆಗ್ಲಿಲ್ಲ ಅನ್ನೋದೂ ಕಾನೂನು ಅದಕ್ಕೆ ಒಪ್ಪಿಗೆ ಕೊಟ್ಟಿದೆ ಅನ್ನೋದೂ ಒಂದೇ ಅಲ್ಲ ಸ್ವಾಮಿ.

ಪ್ರಶ್ನೆ: ಹಿಲರಿ ಕಡೆಯವರೂ ಬ್ರಿಟನ್‌ನ ಮಾಜಿ ಗೂಢಚಾರ ಸ್ಟೀಲ್ ಕೈಲಿ ಟ್ರಂಪ್ ವಿರುದ್ಧ ವರದಿ ಬರೆಸಿದ್ರಲ್ಲ? ಅದು ಸರಿ, ಇದು ತಪ್ಪಾ? ಪಕ್ಷಪಾತ ಮಾಡ್ಬೇಡಿ.

ಉತ್ತರ: ಪಕ್ಷಪಾತ ಮಾಡಲ್ಲ. ಕಾನೂನು ತಡೆಯೋದು ವಿದೇಶಿಯರಿಂದ ದಾನ ಬರೋದನ್ನ, ಸರಿಯಾದ ರೇಟ್ ಕೊಟ್ಟು ಕೆಲಸ ಮಾಡಿಸ್ಕೊಳ್ಳೋದನ್ನ ಅಲ್ಲ. ಸ್ಟೀಲ್‌ಗೆ ದುಡ್ಡು ಹೋಗಿತ್ತು, ವಕೀಲರ ಸಂಸ್ಥೆ ಮತ್ತೆ ಒಂದು ಸಂಶೋಧನಾ ಕಂಪನಿ ಮೂಲಕ. ಹಾಗಾಗಿ ಕಾನೂನಿನ ಕಣ್ಣಲ್ಲಿ ಎರಡೂ ಒಂದೇ ಅಲ್ಲ. ಆದ್ರೆ ಅವರೂ ಶುದ್ಧ ಅಂತ ನಾನು ಹೇಳಲ್ಲ, ಆ ಖರ್ಚನ್ನ ಲೆಕ್ಕದಲ್ಲಿ ಕಾನೂನು ಸಲಹೆ ಅಂತ ತೋರಿಸಿದ್ದಕ್ಕೆ 2022ರಲ್ಲಿ ಎಲೆಕ್ಷನ್ ಕಮಿಷನ್ ಕ್ಲಿಂಟನ್ ತಂಡಕ್ಕೆ 8,000 ಡಾಲರ್, ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಗೆ 1,05,000 ಡಾಲರ್ ದಂಡ ಹಾಕ್ತು. ಯಾರಿಗೆ ಯಾಕೆ ದುಡ್ಡು ಹೋಯ್ತು ಅನ್ನೋದು ವೋಟು ಹಾಕೋನಿಗೆ ಗೊತ್ತಾಗಬೇಕು, ಅದನ್ನ ಮುಚ್ಚಿಟ್ರು, ಅದು ತಪ್ಪೇ. ಅದಕ್ಕೆ ಅಷ್ಟು ಸಣ್ಣ ದಂಡ ಸಾಕಾ ಅಂತ ಕೇಳಿದ್ರೆ, ಸಾಲದು ಅಂತೀನಿ.

ಪ್ರಶ್ನೆ: ರಾಜಕೀಯದಲ್ಲಿ ಎದುರಾಳಿ ಗುಟ್ಟು ಮನೆ ಬಾಗಿಲಿಗೇ ಬಂದ್ರೆ ಯಾರು ಬೇಡ ಅಂತಾರೆ ಸರ್? ಎಲ್ಲರೂ ಮಾಡೋದೇ ತಾನೇ?

ಉತ್ತರ: ಇಲ್ಲ, ಈ ಮಾತಿಗೆ ನಾನು ಜಗಳಕ್ಕೇ ಬರ್ತೀನಿ. 1960ರಲ್ಲಿ ಸೋವಿಯತ್ ರಾಯಭಾರಿ ಡೆಮಾಕ್ರಟಿಕ್ ಪಕ್ಷದ ನಾಯಕ ಅಡ್ಲೈ ಸ್ಟೀವನ್‌ಸನ್‌ರನ್ನ ಕಂಡು ನೀವು ನಿಂತ್ರೆ ಸಹಾಯ ಮಾಡ್ತೀವಿ ಅಂದಾಗ ಅವರು ಬೇಡ ಅಂದ್ರು. 1968ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಹಂಫ್ರಿಗೂ ಸೋವಿಯತ್ ಕಡೆಯಿಂದ ದುಡ್ಡಿನ ಸಹಾಯದ ಮಾತು ಬಂತು, ಅವರೂ ಬೇಡ ಅಂದ್ರು, ಆಮೇಲೆ ಕೂದಲೆಳೆ ಅಂತರದಲ್ಲಿ ಸೋತ್ರು. 2000ದಲ್ಲಿ ಬುಷ್ ಡಿಬೇಟ್‌ಗೆ ತಯಾರಿ ಮಾಡಿದ್ದ ವಿಡಿಯೋ, ಕಾಗದಪತ್ರ ಎಲ್ಲ ಯಾರೋ ಅವರ ಎದುರಾಳಿ ಅಲ್ ಗೋರ್ ಕಡೆಯವರಿಗೆ ಪೋಸ್ಟ್ ಮಾಡಿದ್ರು, ಇದ್ರಲ್ಲಿ ವಿದೇಶದವರ ಕೈವಾಡ ಏನೂ ಇಲ್ಲ ಬಿಡಿ, ಆದ್ರೂ ಅವರು ಅದನ್ನ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಒಪ್ಪಿಸಿದ್ರು. ಗೆಲ್ಲಲೇಬೇಕು ಅಂತ ಒದ್ದಾಡ್ತಿದ್ದ ಜನನೇ ಇವರೆಲ್ಲ.

ಉಲ್ಟಾ ಉದಾಹರಣೆನೂ ಅದೇ 1968ರಲ್ಲಿದೆ. ವಿಯೆಟ್ನಾಂ ಶಾಂತಿ ಮಾತುಕತೆ ಕೂಡಿಬಂದ್ರೆ ಹಂಫ್ರಿಗೆ ಲಾಭ ಅಂತ ಅವರ ಎದುರಾಳಿ ನಿಕ್ಸನ್ ಕಡೆಯವರು ಆನ್ನಾ ಶೆನಾಲ್ಟ್ ಅನ್ನೋ ಮಹಿಳೆ ಮೂಲಕ ದಕ್ಷಿಣ ವಿಯೆಟ್ನಾಂ ಸರ್ಕಾರಕ್ಕೆ ಸ್ವಲ್ಪ ತಡೀರಿ ಅಂತ ಹೇಳಿ ಕಳಿಸಿದ್ರು. ಅಧ್ಯಕ್ಷ ಜಾನ್ಸನ್‌ಗೆ ಇದು ಗೊತ್ತಾಗಿ ಫೋನಲ್ಲೇ ಇದು ದೇಶದ್ರೋಹ ಅಂತ ಸಿಟ್ಟಾದ್ರು, ಆದ್ರೆ ಹೊರಗೆ ಹೇಳ್ಲಿಲ್ಲ. ವಿದೇಶಿ ಸರ್ಕಾರದ ಜೊತೆ ಖಾಸಗಿಯವರು ವ್ಯವಹಾರ ಕುದುರಿಸಬಾರದು ಅಂತ 1799ರಷ್ಟು ಹಳೇ ಲೋಗನ್ ಕಾನೂನು ಇದೆ, ಅದರಲ್ಲಿ ಇವತ್ತಿನವರೆಗೆ ಒಬ್ಬರಿಗೂ ಶಿಕ್ಷೆ ಆಗಿಲ್ಲ. ಆ ಯುದ್ಧ ಆಮೇಲೂ ವರ್ಷಗಟ್ಟಲೆ ನಡೀತು, ಸಾವಿರಾರು ಜನ ಸತ್ರು. ಶಾಂತಿ ಆಗ್ತಿತ್ತೋ ಇಲ್ವೋ ಅನ್ನೋ ವಾದ ಇದ್ದೇ ಇದೆ, ಆದ್ರೆ ಎಲೆಕ್ಷನ್ ಲಾಭಕ್ಕೆ ಅದನ್ನ ತಡೆಯೋಕೆ ಹೋದ್ರಲ್ಲ, ಅದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ನನ್ನ ಪ್ರಕಾರ ಬೇಕಿರೋದು ಬೆಲೆ ಲೆಕ್ಕದ ಜಗಳ ಅಲ್ಲ, ವಿದೇಶಿಯರು ಸಹಾಯ ಮಾಡ್ತೀವಿ ಅಂತ ಬಂದ ತಕ್ಷಣ ಪ್ರಚಾರ ತಂಡ ಎಫ್‌ಬಿಐಗೆ ತಿಳಿಸಲೇಬೇಕು ಅನ್ನೋ ನಿಯಮ. ಇಂಥದ್ದೊಂದು ಮಸೂದೆ 2019ರ ಅಕ್ಟೋಬರ್‌ನಲ್ಲಿ ಕೆಳಮನೆಲಿ ಪಾಸ್ ಆಗಿತ್ತು, ಸೆನೆಟ್‌ನಲ್ಲಿ ಮುಂದಕ್ಕೆ ಹೋಗ್ಲೇ ಇಲ್ಲ.

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಓದ್ತಿದ್ದಾನೆ, ಗ್ರೀನ್ ಕಾರ್ಡ್ ಇಲ್ಲ. ಪ್ರಚಾರ ತಂಡಕ್ಕೆ ಕೆಲಸ ಮಾಡಿದ್ರೆ ತೊಂದರೆನಾ?

ಉತ್ತರ: ಸಂಬಳ ತಗೊಳ್ಳದೆ ಸ್ವಂತ ಟೈಮಲ್ಲಿ ವಾಲಂಟಿಯರ್ ಆಗ್ಬಹುದು. ಒಂದು ಡಾಲರ್ ದೇಣಿಗೆ ಕೂಡ ಕೊಡಬಾರದು, ದುಡ್ಡು ಎಲ್ಲಿ ಖರ್ಚು ಮಾಡ್ಬೇಕು ಅನ್ನೋ ತೀರ್ಮಾನದಲ್ಲೂ ಕೂರಬಾರದು. ಗ್ರೀನ್ ಕಾರ್ಡ್ ಬಂದ್ಮೇಲೆ ದೇಣಿಗೆ ಕೊಡಬಹುದು, ವೋಟು ಮಾತ್ರ ಪೌರತ್ವ ಸಿಕ್ಕಮೇಲೇ.