ಪೂರ್ಣವಿರಾಮದ ಹಿಂದೆ ಅಡಗಿಕೊಂಡ ವಾದ

ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಪಿಎಚ್‌.ಡಿ. ಪ್ರಬಂಧ ಬರೆಯಬೇಕಾಗಿ ಬಂದವರು ನನ್ನ ಬಳಿಗೆ ಬರುವುದು ಹೊಸತೇನಲ್ಲ. ನಿದ್ದೆ ಬರುವುದಿಲ್ಲ, ಗೈಡ್ ಎದುರು ನಿಂತರೆ ಕೈ ನಡುಗುತ್ತದೆ, ಸಂಶೋಧನೆಯನ್ನೇ ಬಿಟ್ಟುಬಿಡೋಣ ಎನಿಸುತ್ತಿದೆ ಎಂದು ಮಾತು ತೆಗೆಯುವ ಇವರಲ್ಲಿ ಹಲವರ ಚೀಲದಲ್ಲಿ, ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ವಾಪಸು ಬಂದ ಒಂದು ಅಧ್ಯಾಯ ಇದ್ದೇ ಇರುತ್ತದೆ. ಆ ಹಾಳೆಗಳನ್ನು ಬದಿಗಿಟ್ಟು ಮನಸ್ಸಿನ ಬಗ್ಗೆ ಮಾತ್ರ ಮಾತನಾಡಬೇಕು, ವ್ಯಾಕರಣ ಹೇಳಿಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಅವರ ಮಾತನ್ನು ನಾನು ಏಕೆ ಒಪ್ಪುವುದಿಲ್ಲ ಎಂಬುದನ್ನು ತೋರಿಸಲು ಈ ಒಂದು ಪ್ರಕರಣ ಸಾಕು.

ಆಕೆ ಸಮಾಜವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007-08ರಲ್ಲಿ. ಅದಕ್ಕೆ ಕೆಲವು ವರ್ಷ ಮೊದಲೇ ಹಳ್ಳಿಯ ಶಾಲೆಗೆ ಸೇರಿದ್ದ ಆಕೆ ಇಂಗ್ಲಿಷ್ ಅಕ್ಷರ ತಿದ್ದಿದ್ದು ಐದನೆಯ ತರಗತಿಯಲ್ಲಿ. ಊರೂರು ಸುತ್ತಿ ರೈತರನ್ನು ಮಾತನಾಡಿಸಿ ಕಲೆಹಾಕಿದ ಮಾಹಿತಿ ಗಟ್ಟಿಯಾಗಿತ್ತು. ಅದನ್ನು ಅಧ್ಯಾಯವಾಗಿಸಿದಾಗ ಮಾರ್ಗದರ್ಶಕರು ಅಂಚಿನಲ್ಲಿ ಬರೆದದ್ದು ಇಷ್ಟೇ: ‘ಮಕ್ಕಳ ವಾಕ್ಯಗಳು. ವಾದ ಎಲ್ಲಿದೆ?’ ಮೊದಲ ಎರಡು ಪದಗಳು ಆಕೆಯನ್ನು ಎಷ್ಟು ನೋಯಿಸಿದ್ದವೆಂದರೆ, ಎರಡನೆಯ ವಾಕ್ಯವನ್ನು ಓದಿದ ನೆನಪೇ ಆಕೆಗಿರಲಿಲ್ಲ.

ಆ ನೋವಿನಲ್ಲಿ ಆಕೆ ಮಾಡಿದ್ದು ಬಹಳ ಮಂದಿ ಮಾಡುವುದನ್ನೇ. ಪ್ರಕಟಿತ ಲೇಖನಗಳಿಂದ ಉದ್ದನೆಯ ವಾಕ್ಯಗಳನ್ನು ಎತ್ತಿಕೊಂಡು, ಊರಿನ ಹೆಸರನ್ನೂ ಬೆಳೆಯ ಹೆಸರನ್ನೂ ಬದಲಿಸಿ, ತನ್ನ ಅಧ್ಯಾಯಕ್ಕೆ ಜೋಡಿಸಿದರು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ 10ಕ್ಕಿಂತ ಹೆಚ್ಚು, ಶೇ 40ರವರೆಗೆ ಹೋಲಿಕೆ ಕಂಡುಬಂದರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ. ಸಲ್ಲಿಕೆಗೆ ಮುಂಚಿನ ತಪಾಸಣೆಯಲ್ಲೇ ತಂತ್ರಾಂಶ ಆ ವಾಕ್ಯಗಳನ್ನು ಹಿಡಿದುಕೊಟ್ಟಿತು. ದಡ್ಡಿ ಎಂಬ ಕೊರಗಿನ ಜೊತೆಗೆ ಕಳ್ಳಿ ಎಂಬ ಅವಮಾನವೂ ಸೇರಿಕೊಂಡ ಹೊತ್ತಿಗೆ ಆಕೆ ನನ್ನೆದುರು ಬಂದು ಕುಳಿತಿದ್ದರು.

ಗುರುತು ಸಿಗದಿರಲೆಂದು ಆಕೆಯ ಸಂಶೋಧನೆಯ ವಿಷಯವನ್ನು ಇಲ್ಲಿ ಬದಲಿಸಿ, ಎಲ್ಲರಿಗೂ ತಿಳಿದಿರುವ ಕೋಲಾರದ ಕೆರೆಗಳ ವಿಷಯವನ್ನು ಇಟ್ಟುಕೊಂಡಿದ್ದೇನೆ. ವಾಕ್ಯಗಳ ಕಟ್ಟು ಮಾತ್ರ ಆಕೆಯದೇ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದ್ದು 2018ರಲ್ಲಿ. ಆ ಭಾಗದಲ್ಲಿ ಭಾರೀ ಮಳೆ ಸುರಿದದ್ದು 2021ರ ನವೆಂಬರಿನಲ್ಲಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಆಕೆಯ ಪುಟವನ್ನು ಓದಿ: ‘ದಿ ವಾಟರ್ ಕೇಮ್ ಟು ದಿ ಟ್ಯಾಂಕ್ಸ್ ಇನ್ 2018. ಇನ್ 2021 ದೇರ್ ವಾಸ್ ಹೆವಿ ರೇನ್. ದಿ ವಾಟರ್ ಲೆವೆಲ್ ಇನ್ ದಿ ಬೋರ್‌ವೆಲ್ಸ್ ಇಂಕ್ರೀಸ್ಡ್. ಫಾರ್ಮರ್ಸ್ ಹ್ಯಾವ್ ಡೌಟ್ಸ್ ಅಬೌಟ್ ದಿ ವಾಟರ್.’ ನಾಲ್ಕರಲ್ಲಿ ಒಂದೂ ತಪ್ಪು ವಾಕ್ಯವಲ್ಲ. ಆದರೆ ಬೋರ್‌ವೆಲ್ಲಿನ ನೀರು ಏರಿದ್ದು ಕೆರೆಯಿಂದಲೋ ಮಳೆಯಿಂದಲೋ, ನೀರು ಏರಿದ ಮೇಲೂ ರೈತರಿಗೆ ಅನುಮಾನ ಏಕೆ ಎಂಬುದು ಓದುಗರಿಗೆ ತಿಳಿಯುವುದಿಲ್ಲ.

ಮೊದಲ ಭೇಟಿಗಳು ಆಕೆಯ ಅಳುವನ್ನು ಕೇಳುವುದರಲ್ಲೇ ಕಳೆದವು. ನಂತರದ ಒಂದು ಭೇಟಿಯಲ್ಲಿ ನಾನು ಆ ಪುಟವನ್ನು ಮಗುಚಿಟ್ಟು, ‘ಇಲ್ಲಿ ಏನು ಹೇಳಬೇಕೆಂದಿದ್ದೀರಿ, ನನಗೆ ಕನ್ನಡದಲ್ಲಿ ಹೇಳಿ’ ಎಂದೆ. ಆಕೆ ಒಂದು ಕ್ಷಣವೂ ತಡವರಿಸದೆ ಹೇಳಿದರು: ‘ಕೆರೆಗೆ ನೀರು ಬಂದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಏರಿದ್ದು ನಿಜವಾದರೂ, ಇಪ್ಪತ್ತೊಂದರಲ್ಲಿ ಅಷ್ಟೊಂದು ಮಳೆ ಬಂದಿದ್ದರಿಂದ ಕೆರೆಯಿಂದ ಎಷ್ಟು, ಮಳೆಯಿಂದ ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ ಮೇಡಂ. ನೀರು ಬಂತು ಅಂತ ಖುಷಿಪಡೋ ರೈತರೇ ಆ ನೀರು ಕುಡಿಯೋಕೆ ಹಿಂದೆಮುಂದೆ ನೋಡ್ತಾರೆ.’

ನಾನು ಅದನ್ನು ಆಡಿದಂತೆಯೇ ಬರೆದುಕೊಂಡು ಆಕೆಯ ಮುಂದಿಟ್ಟೆ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ನಾವೆಲ್ಲ ಓದಿ ಅಂಕ ಗಳಿಸಿದ್ದೇವೆ. ಆಕೆ ಆಡಿದ್ದು ಶುದ್ಧ ಮಿಶ್ರ ವಾಕ್ಯ, ಅಂದರೆ ಒಂದು ಪ್ರಧಾನ ವಾಕ್ಯಕ್ಕೆ ಅಧೀನ ವಾಕ್ಯಗಳು ಸೇರಿದ್ದು. ಕಾಲ, ಒಪ್ಪಿಗೆ, ಕಾರಣ ಮೂರನ್ನೂ ಒಂದೇ ಉಸಿರಿನಲ್ಲಿ ಜೋಡಿಸಿದ್ದರು. ‘ಇದನ್ನೇ ಏಕೆ ಬರೆಯಲಿಲ್ಲ?’ ಎಂದು ಕೇಳಿದಾಗ, ಇಂಗ್ಲಿಷ್ ಬರುವುದಿಲ್ಲ ಎಂಬ ಉತ್ತರಕ್ಕಾಗಿ ಕಾದಿದ್ದೆ. ಬಂದ ಉತ್ತರ ಬೇರೆಯಾಗಿತ್ತು: ‘ಬಿಕಾಸ್ ಅಂತ ಬರೆದರೆ ಯಾಕೆ ಅಂತ ಕೇಳ್ತಾರೆ ಮೇಡಂ. ಫುಲ್‌ಸ್ಟಾಪ್ ಇಟ್ಟರೆ ಯಾರೂ ಏನೂ ಕೇಳಲ್ಲ.’

ಹಿಂದೊಮ್ಮೆ ವಿಭಾಗದ ಸೆಮಿನಾರಿನಲ್ಲಿ, ‘ದೇರ್‌ಫೋರ್’ ಎಂದು ಶುರುವಾದ ಆಕೆಯ ವಾಕ್ಯವೊಂದನ್ನು ಹಿಡಿದು ಯಾರೋ ಪ್ರಶ್ನೆ ಕೇಳಿದ್ದರು, ಆಕೆ ಉತ್ತರಿಸಲಾಗದೆ ನಿಂತಿದ್ದರು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ಅಂದಿನಿಂದ ಆಕೆಯ ಬರವಣಿಗೆಯಿಂದ ಎರಡು ಮಾತುಗಳನ್ನು ಕೂಡಿಸುವ ಪದಗಳೆಲ್ಲ ಒಂದೊಂದಾಗಿ ಮಾಯವಾಗಿದ್ದವು. ಎರಡು ವಾಕ್ಯಗಳನ್ನು ಕೂಡಿಸುವುದೆಂದರೆ ಅವುಗಳ ನಡುವಿನ ಸಂಬಂಧಕ್ಕೆ ಜವಾಬ್ದಾರರಾಗುವುದು. ಆಕೆ ತಪ್ಪಿಸಿಕೊಳ್ಳುತ್ತಿದ್ದುದು ವ್ಯಾಕರಣದಿಂದಲ್ಲ, ಆ ಜವಾಬ್ದಾರಿಯಿಂದ.

ಇಲ್ಲಿ ‘ಧೈರ್ಯವಾಗಿರಿ, ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಎಂದು ಕಳುಹಿಸುವುದು ಸುಲಭವಿತ್ತು. ಆದರೆ ಹೆದರಿಕೆಯ ಬೇರು ವಾಕ್ಯದಲ್ಲಿದ್ದಾಗ ಚಿಕಿತ್ಸೆಯೂ ವಾಕ್ಯದಲ್ಲೇ ನಡೆಯಬೇಕೆಂಬುದು ನನ್ನ ನಂಬಿಕೆ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲು ಮನೆಯವರು ಹೇಳಿದ್ದರು. ಅದರಿಂದ ಈ ತೊಂದರೆ ನೀಗುತ್ತಿರಲಿಲ್ಲ. ವಾಕ್ಯಗಳನ್ನು ಕೂಡಿಸಿಕೊಡುವ ತಂತ್ರಾಂಶವನ್ನು ಬಳಸಲು ಗೆಳತಿಯೊಬ್ಬರು ಸೂಚಿಸಿದ್ದರು. ಅದನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ. ತಂತ್ರಾಂಶವು ಇಂಗ್ಲಿಷನ್ನು ನಯಗೊಳಿಸುತ್ತದೆ, ನಿಜ. ಆದರೆ ಸಂಬಂಧವನ್ನೂ ತಾನೇ ಆರಿಸುತ್ತದೆ. ಆಕೆಯ ಮಾಹಿತಿ ‘ಆಫ್ಟರ್’ ಎನ್ನಲು ಮಾತ್ರ ಸಾಲುವ ಕಡೆ ಅದು ‘ಬಿಕಾಸ್’ ಎಂದು ಬರೆದರೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉತ್ತರಿಸಬೇಕಾದವರು ಆಕೆಯೇ. ಆಕೆ ಹೆದರಿದ್ದ ಸನ್ನಿವೇಶಕ್ಕೆ ಕೈಹಿಡಿದು ಕರೆದೊಯ್ಯುವ ದಾರಿ ಅದು.

ಹೀಗಾಗಿ ಆಕೆಗೆ ನೀಡಿದ ಸಲಹೆ ಸಣ್ಣದು. ಎರಡು ಚಿಕ್ಕ ವಾಕ್ಯಗಳ ನಡುವಿನ ಅಂಚಿನಲ್ಲಿ ಮೊದಲು ಕನ್ನಡದಲ್ಲೇ ಸಂಬಂಧವನ್ನು ಗುರುತು ಹಾಕಿಕೊಳ್ಳಿ: ಆಮೇಲೆ, ಆದರೂ, ಆದ್ದರಿಂದ, ಇದ್ದಿರಬಹುದು. ಬಳಿಕ ನಿಮ್ಮ ಮಾಹಿತಿ ತಡೆದುಕೊಳ್ಳುವಷ್ಟೇ ಬಲದ ಇಂಗ್ಲಿಷ್ ಪದವನ್ನು ಆರಿಸಿ. ‘ಆಫ್ಟರ್’ ಕೇವಲ ಹಿಂದುಮುಂದನ್ನು ಹೇಳುತ್ತದೆ, ‘ಬಿಕಾಸ್’ ಕಾರಣವನ್ನು ಸಾಧಿಸುತ್ತದೆ, ‘ಮೇ ಹ್ಯಾವ್’ ಬಾಗಿಲನ್ನು ಅರ್ಧ ತೆರೆದಿಡುತ್ತದೆ. ಗೊತ್ತಿರುವುದಕ್ಕಿಂತ ಹೆಚ್ಚು ಹೇಳದಿದ್ದರೆ, ಪ್ರಶ್ನೆ ಬಂದಾಗ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಅಂದು ನಾವಿಬ್ಬರೂ ಕೂಡಿ ಕಟ್ಟಿದ ವಾಕ್ಯ ಇದು: ‘ಆಲ್‌ದೋ ದಿ ವಾಟರ್ ಲೆವೆಲ್ ರೋಸ್ ಆಫ್ಟರ್ ದಿ ಟ್ಯಾಂಕ್ಸ್ ವರ್ ಫಿಲ್ಡ್, ದಿ ರೈಸ್ ಕೆನಾಟ್ ಬಿ ಅಟ್ರಿಬ್ಯೂಟೆಡ್ ಟು ದಿ ಟ್ಯಾಂಕ್ಸ್ ಅಲೋನ್, ಬಿಕಾಸ್ 2021 ವಾಸ್ ಆಲ್ಸೋ ಎ ಇಯರ್ ಆಫ್ ಹೆವಿ ರೇನ್.’ ಆಕೆಯ ಮೊದಲ ಪ್ರಯತ್ನದಲ್ಲಿ ಅಲ್ಪವಿರಾಮದ ನಂತರ ‘ಬಟ್’ ಕೂಡ ಇತ್ತು. ಕನ್ನಡದಲ್ಲಿ ‘ಏರಿದರೂ’ ಎಂಬಲ್ಲಿನ ಗುರುತು ಮೊದಲ ಭಾಗದ ಕೊನೆಗೆ, ಮುಂದಿನ ಮಾತಿಗೆ ಅಂಟಿಕೊಂಡಂತೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಆಲ್‌ದೋ’ ವಾಕ್ಯದ ಬಾಗಿಲಲ್ಲೇ ನಿಂತುಬಿಡುವುದರಿಂದ, ಅಲ್ಪವಿರಾಮ ಮುಟ್ಟುವ ಹೊತ್ತಿಗೆ ಅದು ಮರೆತುಹೋಗಿ ಕೈ ತಾನಾಗಿ ಇನ್ನೊಂದು ಗುರುತನ್ನು ಹುಡುಕುತ್ತದೆ. ‘ದಿ ಫಾರ್ಮರ್ಸ್ ಹೂ ಡಗ್ ಬೋರ್‌ವೆಲ್ಸ್, ದೇ ಆರ್ ಇನ್ ಡೆಟ್’ ಎಂಬಲ್ಲಿ ನುಸುಳುವ ‘ದೇ’ ಕೂಡ ಇದೇ ಬಗೆಯದು: ಬೋರ್‌ವೆಲ್ ಕೊರೆಸಿದ ರೈತರು ಎಂದು ವಿಶೇಷಣವನ್ನು ಮೊದಲಿಟ್ಟು ರೂಢಿಯಾದವರಿಗೆ, ಹೆಸರಿನ ನಂತರ ಅದು ಬಂದಾಗ ಕರ್ತೃ ಎಲ್ಲೋ ಕಳೆದುಹೋದಂತೆ ಅನಿಸಿ ಮತ್ತೊಮ್ಮೆ ಹೇಳುತ್ತಾರೆ. ಇವು ದಡ್ಡತನದ ಗುರುತುಗಳಲ್ಲ ಎಂದು ತಿಳಿದಾಗ ಆಕೆ ಮೊದಲ ಬಾರಿಗೆ ನಕ್ಕರು. ಮನಸ್ಸಿನ ಬಗ್ಗೆ ಮಾತ್ರ ಮಾತನಾಡಬೇಕೆನ್ನುವ ಸಹೋದ್ಯೋಗಿಗಳು ಆ ನಗೆಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ನಾನರಿಯೆ.

‘ಆಲ್‌ದೋ’ ಯಾವುದರ ಮುಂದೆ ಬರಬೇಕು ಎಂಬುದನ್ನೂ ಆಕೆಗೇ ಬಿಟ್ಟೆ. ರೈತರಿಗೆ ಅನುಮಾನವಿದ್ದರೂ ನೀರು ಏರಿದೆ ಎಂದರೆ ಯೋಜನೆಯ ಪರ ವಾಲಿದಂತೆ. ನೀರು ಏರಿದರೂ ರೈತರಿಗೆ ಅನುಮಾನವಿದೆ ಎಂದರೆ ಆಕ್ಷೇಪದ ಕಡೆಗೆ ವಾಲಿದಂತೆ. ಮಾಹಿತಿ ಅದೇ, ಪ್ರಧಾನ ವಾಕ್ಯದಲ್ಲಿ ಕುಳಿತದ್ದು ಬೇರೆ. ಮಾರ್ಗದರ್ಶಕರು ಕೇಳಿದ್ದ ‘ವಾದ’ ಇಲ್ಲೇ ಇದೆ ಎಂದು ಆಕೆಗೆ ಹೊಳೆದದ್ದು ಆಗಲೇ.

ಈ ಅಂಜಿಕೆಗೆ ಇನ್ನೊಂದು ರೂಪವೂ ಇದೆ. ಕೆಲವರು ಚಿಕ್ಕ ವಾಕ್ಯಕ್ಕೆ ನಾಚಿ, ‘ಆಂಡ್’ ಮೇಲೆ ‘ಆಂಡ್’ ಹಾಕಿ ಇಡೀ ಪ್ಯಾರಾವನ್ನು ಒಂದೇ ವಾಕ್ಯ ಮಾಡುತ್ತಾರೆ. ‘ಹೌಎವರ್’ಗೆ ಮೊದಲು ಅಲ್ಪವಿರಾಮವಿಟ್ಟು ಎರಡು ಪೂರ್ಣ ವಾಕ್ಯಗಳನ್ನು ಬೆಸೆಯುತ್ತಾರೆ. ಅಲ್ಲಿ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಅವರಿಗೂ ಇದೇ ಸಲಹೆ: ಸಂಬಂಧವನ್ನು ಮೊದಲು ಕನ್ನಡದಲ್ಲಿ ಹೇಳಲು ಬರದಿದ್ದರೆ ಆ ಎರಡು ವಾಕ್ಯಗಳನ್ನು ಕೂಡಿಸಬೇಡಿ. ಚಿಕ್ಕ ವಾಕ್ಯಕ್ಕೂ ಪ್ರಬಂಧದಲ್ಲಿ ಜಾಗವಿದೆ, ಅದರಲ್ಲೂ ತೀರ್ಮಾನವನ್ನು ಹೇಳುವ ಕಡೆ.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ‘ಇಂಗ್ಲಿಷ್ ಸರಿಯಿಲ್ಲ’ ಎಂದು ಅಂಚಿನಲ್ಲಿ ಬರೆಯುವ ಬದಲು ‘ಈ ಎರಡಕ್ಕೆ ಏನು ಸಂಬಂಧ?’ ಎಂದು ಬರೆಯಿರಿ. ಅಷ್ಟೇ ಶಾಯಿ ಖರ್ಚಾಗುತ್ತದೆ.

ಆಕೆಯ ತಿದ್ದಿದ ಅಧ್ಯಾಯ ವಾಪಸು ಬಂದಾಗ ಒಂದು ‘ಸಿನ್ಸ್’ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿತ್ತು. ಆಕೆ ಅದನ್ನು ಹಿಡಿದುಕೊಂಡು ಬಂದದ್ದು ಅಳಲಿಕ್ಕಲ್ಲ, ಅಲ್ಲಿ ತಪ್ಪೇನೆಂದು ಕೇಳಲು. ‘ಸಿನ್ಸ್’ ಕಾಲವನ್ನೂ ಸೂಚಿಸುತ್ತದೆ, ಕಾರಣವನ್ನೂ ಸೂಚಿಸುತ್ತದೆ. ಪುಟದ ತುಂಬ 2018, 2021 ಎಂದು ಇಸವಿಗಳಿರುವಾಗ ಓದುವವರು ಅದನ್ನು ಕಾಲವೆಂದೇ ತಿಳಿಯುತ್ತಾರೆ. ಹಾಗಾಗಿ ಅಲ್ಲಿ ‘ಬಿಕಾಸ್’ ಎಂದೇ ಬರೆಯಿರಿ ಎಂದೆ. ‘ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಮಳೆಯ ಅಂಕಿಅಂಶ ಇದೆ’ ಎನ್ನುತ್ತ ಆಕೆ ಅಲ್ಲೇ ತಿದ್ದಿಕೊಂಡರು.